ಬಾನೆಟ್ಟಿನ ಮೇಲಿನ ಕುಂಕುಮ

ನನ್ನ ಗಂಡನ ಅಣ್ಣನ ಮೇಲೆ ನನಗಿರುವ ಸಿಟ್ಟು ಇವತ್ತು ನಿನ್ನೆಯದಲ್ಲ. ವಯಸ್ಸಾಗುತ್ತ ಹೋದ ಹಾಗೆ ಕೆಲವರು ಎಲ್ಲರನ್ನೂ ಕ್ಷಮಿಸಿಬಿಡುತ್ತಾರಂತೆ. ನನಗೆ ಆ ಗುಣ ಬಂದಿಲ್ಲ. ಬರಲಿ ಎಂದು ಯಾವ ದೇವರಿಗೂ ಹರಕೆ ಹೊತ್ತಿಲ್ಲ. ಇದನ್ನು ಬರೆಯುವಾಗಲೂ ನಾನು ನಗುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಿಂದಗಿಯಲ್ಲಿ ಆಲಮೇಲದ ಬಸ್ಸುಗಳು ಹೋಗುವ ರಸ್ತೆಯ ಬದಿಗೆ ನಮ್ಮದೊಂದು ಶೆಡ್ಡು. ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡು. ಮುಂದೆ ಕೆಲಸ, ಹಿಂದೆ ಮನೆ. ಗುದ್ದಿಕೊಂಡು ಬಂದ ಗಾಡಿಯ ತಗ್ಗು ಎಬ್ಬಿಸಿ, ಪುಟ್ಟಿ ತುಂಬಿ, ತಿಕ್ಕಿ, ಅಕ್ರಿಲಿಕ್ ಬಣ್ಣ ಹೊಡೆಯುವುದು ನನ್ನ ಗಂಡನ ಕೆಲಸವಾಗಿತ್ತು. ಕೊನೆಯ ಕ್ಲಿಯರ್ ಮಾತ್ರ ನನ್ನದು. ಕ್ಲಿಯರ್ ಅಂದರೆ ಬಣ್ಣದ ಮೇಲೆ ಹೊಡೆಯುವ, ನೀರಿನಂತೆ ಕಾಣುವ ವಾರ್ನಿಶ್. ಬಣ್ಣಕ್ಕೆ ಹೊಳಪು ಬರುವುದು ಅದರಿಂದ. ನಮ್ಮ ಕಡೆಯ ಬಿಸಿಲಿಗೆ ಬಣ್ಣ ಹಳೆ ಗೋಡೆಯ ಸುಣ್ಣದ ಹಾಗೆ ಪುಡಿಯಾಗದೆ ನಿಲ್ಲುವುದೂ ಅದರಿಂದಲೇ.

ನನ್ನ ಗಂಡನದು ಅವಸರದ ಕೈ. ಕ್ಲಿಯರ್ ಹೊಡೆಯುವಾಗ, ಕಂಪ್ರೆಸರಿನ ಗಾಳಿಯಿಂದ ಬಣ್ಣ ಚಿಮ್ಮುವ ಗನ್ನು ಒಂದೇ ವೇಗದಲ್ಲಿ ಸಾಗಬೇಕು. ಕೈ ನಿಂತರೆ ಅಲ್ಲಿ ಸೋರಿ ಕಣ್ಣೀರಿನ ಹಾಗೆ ಇಳಿಯುತ್ತದೆ, ಓಡಿದರೆ ಮೂಸಂಬಿ ಸಿಪ್ಪೆಯ ಹಾಗೆ ಒರಟಾಗಿ ಕೂಡುತ್ತದೆ. ಅವರಿಗೆ ಎರಡೂ ಆಗುತ್ತಿತ್ತು. ಒಂದು ದಿನ ಬೇಸತ್ತು ಗನ್ನನ್ನು ನನ್ನ ಕೈಗೆ ಕೊಟ್ಟು, "ತವರೂರು ತಾಂಬಾದಾಗ ಜೋಳದ ರೊಟ್ಟಿ ಬಡದ ಕೈ ಐತಿ ನಿಂದು. ಹೊಡಿ ನೋಡೂಣು" ಅಂದರು. ಹೊಡೆದೆ. ಅವತ್ತಿನಿಂದ ಕ್ಲಿಯರ್ ನನ್ನದೇ ಆಯಿತು. ಗಾಳಿ ಏಳುವ ಮೊದಲು, ಬೆಳಗು ಹರಿಯುತ್ತಿದ್ದ ಹಾಗೆಯೇ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸುತ್ತಿದ್ದೆ. ಒಗೆದು ಮೆತ್ತಗಾದ ಹಳೆ ಧೋತರದಿಂದ ಗಾಡಿಯನ್ನು ಒರೆಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ನಮ್ಮ ಶೆಡ್ಡಿನ ಹೊಳಪು ಚೆಂದ ಅಂತ ಇಂಡಿಯಿಂದಲೂ ಗಾಡಿ ಬರತೊಡಗಿದವು. ಹೊಗಳಿಕೆಯೆಲ್ಲ ಗಂಡನ ಹೆಸರಿಗೆ ಹೋಗುತ್ತಿತ್ತು. ಅವರು ಮಾತ್ರ, "ಅದು ನಂದಲ್ರೀ, ನಮ್ಮ ಮನ್ಯಾಕಿದು" ಅನ್ನುತ್ತಿದ್ದರು. ಜನ ಅದನ್ನು ಚೇಷ್ಟೆ ಅಂದುಕೊಂಡು ನಗುತ್ತಿದ್ದರು.

ಅವರು ಹೋದ ಮೇಲೆ ಉಳಿದವರು ನಾನು ಮತ್ತು ನನ್ನ ಅತ್ತೆ. ಅತ್ತೆ ಆಲಮೇಲದ ಕಡೆಯವರು, ಮಾತು ಕಡಿಮೆ, ನೆನಪು ಜಾಸ್ತಿ. ಅವರ ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಒಂದು ಮನೆಯಲ್ಲಿ ಇಬ್ಬರು ವಿಧವೆಯರು. ಗಂಡನ ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದ ಪುಟ್ಟಿ, ಬಣ್ಣದ ಕೆಲಸವೂ ನನ್ನ ಪಾಲಿಗೆ ಬಂತು.

ದಿನಕರ್ಮ ಮುಗಿದ ಮರುದಿನವೇ ಭಾವ ಬಂದ. ಅತ್ತೆಯ ಹಿರಿಯ ಮಗ, ನನ್ನ ಗಂಡನ ಅಣ್ಣ. ಬೇರೆ ಮನೆ ಮಾಡಿಕೊಂಡು ಇದೇ ಊರಲ್ಲಿದ್ದ. ಅವನಿಗೆ ರಾಜಕೀಯದ ಹುಚ್ಚು. ಇಂಡಿಯಲ್ಲಿ ಸಭೆ, ಮುದ್ದೇಬಿಹಾಳದಲ್ಲಿ ಸನ್ಮಾನ, ಬಾಗೇವಾಡಿಯಲ್ಲಿ ಭಾಷಣ ಅಂತ ಬಿಳಿ ಅಂಗಿ ಹಾಕಿಕೊಂಡು ತಿರುಗುವವ. ಯಾವುದಕ್ಕೂ ಆರಿಸಿ ಬಂದವನಲ್ಲ. ಆದರೆ ಗೋಡೆಯ ಮೇಲೆ, ಕಂಬದ ಮೇಲೆ, ಎಲ್ಲಿ ನೋಡಿದರೂ ಕೈಮುಗಿದು ನಿಂತ ಅವನ ಫ್ಲೆಕ್ಸು.

ಅವತ್ತು ಶೆಡ್ಡನ್ನು ಒಂದು ಸುತ್ತು ಹಾಕಿ, ಗೋಡೆಯನ್ನು ಕಣ್ಣಲ್ಲೇ ಅಳೆದು, ನನ್ನ ಹತ್ತಿರ ಬೆಲ್ಲದಂಥ ದನಿಯಲ್ಲಿ ಮಾತಾಡಿದ. "ತಂಗಿ, ಹೆಣ್ಣಮಗಳು ಗನ್ ಹಿಡದು ರಸ್ತೆ ಮ್ಯಾಲ ನಿಂತ್ರ ಚೆಂದ ಕಾಣಂಗಿಲ್ಲ. ಈ ಜಾಗಾದಾಗ ನಾ ಆಫೀಸ್ ಮಾಡ್ಕೋತೇನಿ. ನಿನ್ನ, ಅವ್ವನ್ನ ನಾ ನೋಡ್ಕೋತೇನಿ."

"ನಮ್ಮನ್ನ ನಾವ ನೋಡ್ಕೋತೇವ್ರಿ ಭಾವಾರ" ಅಂದೆ.

ಅವನು ನಕ್ಕು ಹೋದ. ಹೋದವನು ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲಿ ನಾಲ್ಕು ಮಂದಿ ಕೂಡಿದರೆ ಅಲ್ಲಿ ಒಂದು ಮಾತು ಬಿತ್ತಿದ. ಗಂಡ ಸತ್ತವಳ ಕೈಯಲ್ಲಿ ಗಾಡಿಗೆ ಹೊಸ ಬಣ್ಣ ಹೊಡೆಸಬಾರದು, ಆಗಿಬರುವುದಿಲ್ಲ. ನೇರವಾಗಿ ಹೇಳುತ್ತಿರಲಿಲ್ಲ. ನಿಟ್ಟುಸಿರು ಬಿಟ್ಟು, "ನಮ್ಮ ತಮ್ಮನ ಹೇಣ್ತಿನ ಅದಾಳ, ನಾ ಹೆಂಗ ಹೇಳ್ಲಿ ನೀವ ಹೇಳ್ರಿ" ಅಂತ ಶುರು ಮಾಡುತ್ತಿದ್ದನಂತೆ.

ನಮ್ಮ ಕಡೆ ಗಾಡಿಯೆಂದರೆ ಬರೀ ಕಬ್ಬಿಣವಲ್ಲ, ಕೊಟ್ಟಿಗೆಯ ಎತ್ತು ಇದ್ದ ಹಾಗೆ. ಪ್ರತಿ ಅಮಾವಾಸ್ಯೆಗೆ ತೊಳೆದು, ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ದಾಟಿಸುತ್ತಾರೆ. ಅಂಥವರ ಕಿವಿಗೆ ಇಂಥ ಮಾತು ಬಿದ್ದರೆ ಮುಗಿಯಿತು. ಮನಗೂಳಿಯ ಒಬ್ಬರು ಪುಟ್ಟಿ ತುಂಬಿದ ಗಾಡಿಯನ್ನು ಬಣ್ಣವಿಲ್ಲದೆಯೇ ಒಯ್ದರು. ಕಣ್ಣು ತಪ್ಪಿಸಿ, "ಮನ್ಯಾಗ ಹಿರೇರು ಒಲ್ಲೆ ಅನ್ನಾಕತ್ತಾರ್ರಿ" ಅಂದರು. ಹೀಗೆಯೇ ಇನ್ನೂ ಕೆಲವರು ಒಯ್ದರು. ಶೆಡ್ಡು ಖಾಲಿ ಕಾಣತೊಡಗಿತು. ಅದು ಮುಚ್ಚಿದರೆ ನನಗೂ ಅತ್ತೆಗೂ ಭಾವನ ಪಡಸಾಲೆಯ ಮೂಲೆಯೇ ಗತಿ ಎಂದು ಇಬ್ಬರಿಗೂ ಗೊತ್ತಿತ್ತು. ಆ ಮೂಲೆಯನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಬಾಗೇವಾಡಿಯ ಒಂದು ಸಭೆಯಲ್ಲಿ ಭಾವ ಹೆಣ್ಣು ಗಂಡು ಸಮಾನ ಎಂದು ಗಂಟಲು ಹರಿಯುವ ಹಾಗೆ ಭಾಷಣ ಮಾಡಿದನಂತೆ. ಕೂತವರಲ್ಲಿ ಒಬ್ಬ ಹೆಂಗಸು ಎದ್ದು, "ಮತ್ತ ನಿಮ್ಮ ತಮ್ಮನ ಹೇಣ್ತಿ ಅಂಗಡಿ ಯಾಕ ಬಂದ್ ಮಾಡಸಾಕತ್ತೀರಿ?" ಅಂತ ಕೇಳಿದಳಂತೆ. ಆ ತಾಯಿ ಯಾರೋ ಏನೋ, ಅವಳ ಹೊಟ್ಟೆ ತಣ್ಣಗಿರಲಿ. ಅದರ ಮುಂದಿನ ವಾರ ಭಾವನ ಬಿಳಿ ಕಾರು ನಮ್ಮ ಶೆಡ್ಡಿಗೆ ಬಂತು. "ಪೂರಾ ಹೊಸಾ ಬಣ್ಣ ಹೊಡಿ ತಂಗಿ. ನಮ್ಮವರಿಗೆ ನಾವು ಕೆಲಸ ಕೊಡಲಿಲ್ಲ ಅಂದ್ರ ಮತ್ಯಾರು ಕೊಡ್ತಾರ?" ಅಂದ. ಜೊತೆಗಿದ್ದವನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡ.

ಬೈದು ಕಳಿಸಬಹುದಿತ್ತು. ಆದರೆ ಆ ಗಾಡಿ ನಾಲ್ಕೂ ತಾಲ್ಲೂಕು ತಿರುಗುತ್ತದೆ. ಹೋದಲ್ಲೆಲ್ಲ ಹತ್ತು ಜನ ಸುತ್ತುವರಿಯುತ್ತಾರೆ. ಯಾರ ಕೈಕೆಲಸ ಎಂದು ಕೇಳಿಯೇ ಕೇಳುತ್ತಾರೆ. ಅವನ ಗಾಡಿಯೇ ನನ್ನ ಅಂಗಡಿಯನ್ನು ಉಳಿಸಲಿ ಎಂದುಕೊಂಡೆ. ಬಾಗಿಲು, ಬಾನೆಟ್ಟು, ಒಂದನ್ನೂ ಬಿಡದೆ ತಿಕ್ಕಿದೆ. ಬಿಳಿ ಬಣ್ಣ ಸುಲಭದ್ದಲ್ಲ. ಒಂದು ನೊಣ ಕೂತರೂ ಕಾಣುತ್ತದೆ. ಅಕ್ರಿಲಿಕ್ ಕೂತ ಮೇಲೆ ಬೆಳಗಿನಲ್ಲಿ ಕ್ಲಿಯರ್ ಹೊಡೆದೆ. ಮುಗಿಸಿ ಹಿಂದೆ ಸರಿದು ನೋಡಿದರೆ ತಗಡಿನ ಮೇಲೆ ಯಾರೋ ತೆಳ್ಳಗೆ ಹಾಲು ಸುರಿದು ನಿಲ್ಲಿಸಿದಂತೆ ಇತ್ತು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕ್ಲಿಯರ್ ಹೊಡೆದಿರಲಿಲ್ಲ. ಅತ್ತೆ ಹೊರಗೆ ಬಂದು, ಅದರಲ್ಲಿ ತಮ್ಮ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಂಡರು.

ಕ್ಲಿಯರ್ ಮುಟ್ಟಿದರೆ ಅಂಟದಷ್ಟು ಬೇಗ ಒಣಗುತ್ತದೆ, ಒಳಗಿಂದ ಗಟ್ಟಿಯಾಗಲು ಮಾತ್ರ ಬಹಳ ದಿನ ಬೇಕು. ಅಲ್ಲಿಯವರೆಗೆ ಅದು ಎಳೆಗೂಸು. ಮೈಮೇಲೆ ಏನು ಬಿದ್ದರೂ ಕುಡಿದುಬಿಡುತ್ತದೆ. ಹಕ್ಕಿಯ ಹಿಕ್ಕೆಯನ್ನು ಕುಡಿಯುತ್ತದೆ, ಬೇವಿನ ಅಂಟನ್ನು ಕುಡಿಯುತ್ತದೆ, ಎಲ್ಲಕ್ಕಿಂತ ಆಸೆಯಿಂದ ಒದ್ದೆ ಕುಂಕುಮವನ್ನು ಕುಡಿಯುತ್ತದೆ. ಅರಿಶಿಣದ ಕಲೆ ಬಿಸಿಲಿಗೆ ಹಾರಿಹೋಗುತ್ತದೆ. ಪೇಟೆಯ ಕುಂಕುಮದ ಬಣ್ಣ ಹೋಗುವುದಿಲ್ಲ. ಈ ತಪ್ಪು ನಮ್ಮ ಕಡೆ ಎಷ್ಟೋ ಗಾಡಿಗಳಿಗೆ ಆಗಿದೆ. ಅದಕ್ಕೆ ನಾನು ಪ್ರತಿಯೊಬ್ಬರಿಗೂ ಕೈಮುಗಿದು, ಮುಂದಿನ ಅಮಾವಾಸ್ಯೆಯವರೆಗೆ ಪೂಜೆ ಬೇಡ ಎಂದು ಹೇಳಿಯೇ ಕೀಲಿಕೈ ಕೊಡುತ್ತಿದ್ದೆ.

ಭಾವ ಮಾತ್ರ ಕ್ಲಿಯರ್ ಹೊಡೆದ ಮರುದಿನವೇ ಬಂದ. ಅವತ್ತು ಅಮಾವಾಸ್ಯೆ. ಹಿಂಬಾಲಕರ ದಂಡು, ಹೂವಿನ ಮಾಲೆ, ಕಾಯಿ, ಬೂದುಗುಂಬಳಕಾಯಿ, ತಟ್ಟೆಯ ತುಂಬ ಕುಂಕುಮ. ಇಲ್ಲಿಯೇ ಪೂಜೆ ಮಾಡಿ ಬಾಗೇವಾಡಿಗೆ ಹೋಗಿ ದರ್ಶನ ಮಾಡಿಕೊಂಡು ಮುದ್ದೇಬಿಹಾಳದ ಸಭೆಗೆ ಹೋಗುವುದು ಅವನ ಕಾರ್ಯಕ್ರಮ. ತಟ್ಟೆ ಕಿಟಕಿಯಿಂದ ನನ್ನ ಕಣ್ಣಿಗೆ ಬಿತ್ತು. ಮನೆಯೊಳಗಿಂದ ಹೊರಗೆ ಓಡಿದೆ.

"ಭಾವಾರ, ಒಂದ ಮಾತ ಕೇಳ್ರಿ..."

ಅವನು ಅಂಗೈ ಎತ್ತಿ ತಡೆದ. ಎಲ್ಲರಿಗೂ ಕೇಳುವ ಹಾಗೆ, "ಅಮಾಸಿ ಪೂಜಿ ಟೈಮಿನ್ಯಾಗ ಎದರ ಬರಬ್ಯಾಡ ತಂಗಿ. ಒಳಗ ಇರು. ತಿಳದಾಕಿ ಅದಿ" ಅಂದ.

"ಬಂದಿದ್ದು ನನ್ನ ಸಲುವಾಗಿ ಅಲ್ರಿ, ಗಾಡಿ ಸಲುವಾಗಿ. ಅದಕ್ಕ ಕುಂಕುಮ..."

"ಒಳಗ ನಡಿ ಅಂದ್ನಿಲ್ಲ?"

ದನಿಯಲ್ಲಿದ್ದ ಬೆಲ್ಲ ಕರಗಿಹೋಗಿತ್ತು. ನನ್ನ ಹಿಂದೆಯೇ ಅತ್ತೆ ಬಂದು ಬಾಗಿಲಲ್ಲಿ ನಿಂತಿದ್ದರು, ಮಗನ ಗಾಡಿಯ ಪೂಜೆ ನೋಡುವ ಆಸೆಗೆ. ಅವನು ಅವರನ್ನೂ ನೋಡಿದ. "ಅವ್ವಾ, ನೀನೂ ಅಷ್ಟ. ಒಳಗ ಕುಂದ್ರು" ಅಂದ. ಹೆತ್ತವಳಿಗೆ ಹೇಳಿದ ಮಾತು ಅದು. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಾವಿಬ್ಬರೂ ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತೆವು. ಹೊರಗೆ ಅವನು ಮಂತ್ರ ಹೇಳಲು ಬಂದಿದ್ದ ಪೂಜಾರಿಯನ್ನು ಬದಿಗೆ ಸರಿಸಿ ತಾನೇ ಮುಂದೆ ಬಂದ. ಎಲ್ಲಿ ನೋಡಿದ್ದನೋ, ಮೊಬೈಲಿನಲ್ಲಿಯೇ ಇರಬೇಕು, ಕುಂಕುಮಕ್ಕೆ ನೀರು ಹಾಕಿಸಿ ಗಂಜಿಯ ಹಾಗೆ ಕಲಸಿಸಿದ. ಅದರಲ್ಲಿ ಬಲಗೈಯನ್ನು ಮಣಿಕಟ್ಟಿನವರೆಗೆ ಅದ್ದಿದ. ನನಗೆ ತಡೆಯಲಾಗಲಿಲ್ಲ. ಅಂಗಡಿ ನನ್ನದು, ಕೆಲಸ ನನ್ನದು, ಹೋಗುವ ಮಾನವೂ ನನ್ನದೇ.

"ಅತ್ತಿ, ಅದು ಹೋಗಂಗಿಲ್ರಿ. ಕುಂಕುಮ ಒಳಗ ಇಳೀತೈತಿ. ನಾ ಹೋಗಿ ಹೇಳಿಬರ್ತೇನಿ" ಅಂತ ಎದ್ದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದರು. ಅಷ್ಟು ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಎಂದೂ ಹೋಗಂಗಿಲ್ಲೇನು?" ಅಂದರು.

"ಎಂದೂ ಇಲ್ರಿ."

"ಹಂಗಾರ ಸುಮ್ನ ಕುಂದ್ರು."

ಕೂತೆ. ಭಾವ ಅಂಗೈಯನ್ನು ಬಾನೆಟ್ಟಿನ ನಟ್ಟನಡುವೆ ಒತ್ತಿ, ಕ್ಯಾಮೆರಾ ನೋಡಿ ಹಲ್ಲುಬಿಟ್ಟ. ಫೋಟೋ ಸರಿ ಬರಲಿಲ್ಲ ಅಂತ ಯಾರೋ ಅಂದರು. ಹಾಗೇ ಒತ್ತಿಕೊಂಡು ಇನ್ನಷ್ಟು ಹೊತ್ತು ನಿಂತ. ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ ಭಸ್ಮಾಸುರನನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ. ಕೈ ಎತ್ತಿದಾಗ ಐದೂ ಬೆರಳು, ಉಂಗುರದ ಸಮೇತ, ಬಿಳಿಯ ಮೇಲೆ ಕೆಂಪಗೆ ಮೂಡಿದ್ದವು. ಆ ಗುರುತನ್ನು ಒರೆಸದೆ, ಮೆರೆಸಿಕೊಂಡು, ಸುಡುಬಿಸಿಲಿನಲ್ಲಿ ಬಾಗೇವಾಡಿಯ ದಾರಿ ಹಿಡಿದ. ಬಿಸಿಲೂ ನಮ್ಮ ಪಾಲಿಗೆ ದುಡಿಯಿತು. ಬಾನೆಟ್ಟಿನ ಕೆಳಗಿದ್ದ ಎಂಜಿನ್ನಿನ ಕಾವೂ ದುಡಿಯಿತು.

ಎರಡು ದಿನ ಬಿಟ್ಟು ಡ್ರೈವರ್ ಗಾಡಿ ತಂದ. ಸೀಗೆಪುಡಿ, ಸೀಮೆಎಣ್ಣೆ, ಹಲ್ಲುಜ್ಜುವ ಪೇಸ್ಟು, ಎಲ್ಲ ಹಚ್ಚಿ ತಿಕ್ಕಿದ್ದರಂತೆ. ಕೈ ಕೈಯಾಗಿಯೇ ಇತ್ತು. ಬಿಳಿಯ ಮೇಲೆ ಗುಲಾಬಿ ಕೆಂಪು, ಬೆರಳಿನ ಗೆರೆ ಕೂಡ ಎಣಿಸಬಹುದಿತ್ತು. ಡ್ರೈವರ್ ಫೋನು ಹಚ್ಚಿ ಕೊಟ್ಟ. ಆ ಕಡೆಯಿಂದ ಭಾವ, "ಅದರ ಮ್ಯಾಲ ಇನ್ನೊಂದ ಕ್ಲಿಯರ್ ಎಳಿ, ಮುಚ್ಚಿ ಹೋಗ್ತೈತಿ. ಸಂಜಿಗೆ ಇಂಡಿಗೆ ಹೋಗೂದೈತಿ" ಅಂದ.

"ಕ್ಲಿಯರ್ ಮುಚ್ಚಂಗಿಲ್ರಿ ಭಾವಾರ. ಕೆರದು ತಗದು ಹೊಸಾ ಬಣ್ಣ ಹೊಡೀಬೇಕು."

"ನಿನಗ ಹೇಳಿದಷ್ಟ ಮಾಡು."

ಮಾಡಿದೆ. ಹೇಳಿದಷ್ಟೇ ಮಾಡಿದೆ. ಹೊಳಪಾದ ಮೈಯನ್ನು ಹಗುರಕ್ಕೆ ತಿಕ್ಕಿ, ಕೆಂಪು ಕೈಯ ಮೇಲೆ ಇನ್ನೊಂದು ಕ್ಲಿಯರ್ ಎಳೆದೆ. ಮೊದಲನೆಯದಕ್ಕಿಂತ ಚೆಂದ ಬಂತು. ಈಗ ಆ ಕೈ ಗಾಜಿನ ಕೆಳಗೆ ಇಟ್ಟ ದೇವರ ಪಟದಂತೆ ಥಳಥಳ ಹೊಳೆಯುತ್ತಿತ್ತು. ಡ್ರೈವರ್ ನೋಡಿ ತಲೆ ಕೆರೆದುಕೊಂಡ, ಗಾಡಿ ಓಡಿಸಿಕೊಂಡು ಹೋದ. ಆ ಸಂಜೆ ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಸಂತೆಯ ದಿನ ಭಾವ ಸಿಡಿಲಿನ ಹಾಗೆ ಬಂದ. ಬೇಕೆಂದೇ ಸಂತೆಯ ದಿನ ಆರಿಸಿದ್ದ. ರಸ್ತೆ ತುಂಬ ಜನ. ಗಾಡಿಯನ್ನು ಶೆಡ್ಡಿನ ಮುಂದೆ ಅಡ್ಡ ನಿಲ್ಲಿಸಿ, ಬಾನೆಟ್ಟು ತೋರಿಸಿ, "ನೋಡ್ರಿ ಯಪ್ಪಾ! ನಾ ಮೊದಲ ಹೇಳಿದ್ನಿ. ಇಕಿ ಕೈ ಆಗಿಬರಂಗಿಲ್ಲ ಅಂತ ಹೇಳಿದ್ನಿ. ಹೆಂಗ ಕೆಡಸ್ಯಾಳ ನೋಡ್ರಿ. ಈ ಅಂಗಡಿ ಇವತ್ತ ಬಂದ್ ಆಗ್ಬೇಕು" ಅಂತ ಕೂಗಿದ. ಜನ ಸೇರಿದರು. ಅಂದುಕೊಂಡದ್ದಕ್ಕಿಂತ ಹೆಚ್ಚೇ ಸೇರಿದರು.

ನಾನು ಗನ್ನು ತೊಳೆಯುತ್ತಿದ್ದೆ. ಅದನ್ನು ಕೆಳಗಿಟ್ಟು ಎದುರಿಗೆ ಹೋಗಿ ನಿಂತೆ.

"ಭಾವಾರ, ಆ ಕೈ ಯಾರದು?" ಅಂದೆ.

ಅವನು ಬಾನೆಟ್ಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ಜನರ ನಡುವೆ ದಾರಿ ಮಾಡಿಕೊಂಡು ಬಂದರು.

"ಇಡಪಾ ತಮ್ಮಾ, ನಿನ್ನ ಕೈ ಅದರ ಮ್ಯಾಲ ಇಡು. ಕೂಡ್ತೈತೋ ಇಲ್ಲೋ ಮಂದಿ ನೋಡ್ಲಿ."

"ಅವ್ವಾ, ನೀ ಒಳಗ..."

"ಉಂಗುರಾನೂ ಅದ ಐತಿ. ಇಡು ಅಂತೇನಿ."

ಯಾರೋ ಒಬ್ಬ ಕಿಸಕ್ಕನೆ ನಕ್ಕ. ಅವನ ಹಿಂಬಾಲಕರಲ್ಲೇ ಒಬ್ಬ. ಆಮೇಲೆ ನಗುವಿಗೆ ಕಟ್ಟೆ ಒಡೆದಂತಾಯಿತು. ಭಾವ ಬಲಗೈಯನ್ನು ಅಂಗಿಯ ಕಿಸೆಯೊಳಗೆ ತುರುಕಿದ. ಅಷ್ಟು ಜನರ ಮುಂದೆ ಅವನು ಕೈ ಬಚ್ಚಿಟ್ಟದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಬೆಲ್ಲ ತಿಂದಷ್ಟು ಸಿಹಿ.

"ಕುಂಕುಮ ಹಚ್ಚಬಾರದು ಅಂತ ಯಾಕ ಹೇಳಲಿಲ್ಲ ಇಕಿ? ಬೇಕಂತ ಮಾಡ್ಯಾಳ!" ಅಂತ ಕೂಗಿದ.

ಅದಕ್ಕೆ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಅತ್ತೆ ನನಗಿಂತ ಮುಂಚೆ ಮಾತಾಡಿದರು.

"ಹೇಳಾಕ ಬಂದಾಕಿನ್ನ ಒಳಗ ಕಳಿಸಿದಿ. ಮತ್ತೊಮ್ಮೆ ಎದ್ದಿದ್ಳು. ನಾ ಹಿಡದು ಕುಂದ್ರಸೇನಿ. ಹೌದು, ನಾನ. ಹೆತ್ತಾಕಿ ಮಾರಿ ಅಪಶಕುನ ಆದ್ರ, ಹೆತ್ತಾಕಿ ಮಾತು ನಿನಗ್ಯಾಕ ಬೇಕು?"

ನಗು ಒಮ್ಮೆಲೇ ನಿಂತಿತು. ತರಕಾರಿ ಬುಟ್ಟಿ ಹೊತ್ತಿದ್ದ ಒಬ್ಬ ಮುದುಕಿ, ಅವಳ ಹಣೆಯೂ ಖಾಲಿ, "ಛಲೋ ಹೇಳಿದಿ ಯವ್ವಾ" ಅಂದಳು. ಭಾವ ಕೀಲಿಕೈಯನ್ನು ಗಾಡಿಯಲ್ಲಿಯೇ ಬಿಟ್ಟು, ಹಿಂಬಾಲಕನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಹೋದ. ಜನ ಚದುರುವಾಗ ಮನಗೂಳಿಯವನೇ ಇನ್ನೊಬ್ಬ ನನ್ನ ಹತ್ತಿರ ಬಂದು, ಕ್ಲಿಯರ್ ಮಾತ್ರ ಭಾಳ ಛಲೋ ಐತ್ರಿ, ನಮ್ಮದೊಂದು ಗಾಡಿ ಐತಿ ಅಂದ.

ಎಲ್ಲರೂ ಹೋದ ಮೇಲೆ ನನಗೆ ಕುಣಿಯಬೇಕೆನಿಸಿತ್ತು. ತಿರುಗಿ ನೋಡಿದರೆ ಅತ್ತೆ ಬಾನೆಟ್ಟಿನ ಹತ್ತಿರ ನಿಂತು, ಆ ಕೆಂಪು ಕೈಯ ಮೇಲೆ ತಮ್ಮ ಕೈ ಇಟ್ಟಿದ್ದರು. ಅವರ ಬೆರಳು ಅದರಲ್ಲಿ ಅರ್ಧಕ್ಕೂ ಬರುತ್ತಿರಲಿಲ್ಲ.

"ನಿನಗ ಭಾವ. ನನಗ ಹೊಟ್ಟ್ಯಾಗ ಹುಟ್ಟಿದಾಂವ" ಅಂದರು. "ಮಂದಿ ನಕ್ಕಿದ್ದು ಸಾಕು. ಕೆರದು ತಗಿ."

ಅವನಿಗಾಗಿ ನಾನು ಒಂದು ಬೆರಳೂ ಎತ್ತುತ್ತಿರಲಿಲ್ಲ. ಅತ್ತೆಗಾಗಿ ಕೆರೆದೆ. ಬರಿ ತಗಡು ಕಾಣುವವರೆಗೆ ತಿಕ್ಕಿ, ಮತ್ತೆ ಬಿಳಿ ಹೊಡೆದು, ಮತ್ತೆ ಕ್ಲಿಯರ್ ಎಳೆದೆ. ಆದರೆ ಕೆಲಸವನ್ನು ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನ ಮಾಡಿದೆ. ಮುಗಿದ ಮೇಲೂ ಗಟ್ಟಿಯಾಗಲಿ ಎಂದು ಗಾಡಿಯನ್ನು ಶೆಡ್ಡಿನ ಮುಂದೆಯೇ ನಿಲ್ಲಿಸಿಕೊಂಡೆ. ಭಾವ ಇಂಡಿಗೂ ಮುದ್ದೇಬಿಹಾಳಕ್ಕೂ ಬಸ್ಸಿನಲ್ಲಿ ಹೋಗುತ್ತಿದ್ದ. ಬಸ್ಸು ನಮ್ಮ ಶೆಡ್ಡಿನ ಮುಂದೆ ಹಾದರೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದನಂತೆ. ಆಫೀಸಿನ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ಅಮಾವಾಸ್ಯೆಗೆ ಬಂದ. ಈ ಸಲ ದಂಡಿಲ್ಲ, ಫೋಟೋ ಇಲ್ಲ, ಡ್ರೈವರ್ ಒಬ್ಬನೇ. ಡ್ರೈವರಿನ ಕೈಯಲ್ಲಿ ಕಾಯಿ, ಕುಂಕುಮದ ತಟ್ಟೆ. ನಾನೂ ಅತ್ತೆಯೂ ಹೊರಗೇ ಇದ್ದೆವು. ಒಳಗೆ ಹೋಗಿ ಎಂದು ಯಾರೂ ಅನ್ನಲಿಲ್ಲ. ಅವನು ನೆಲ ನೋಡುತ್ತ ನಿಂತ. ಅತ್ತೆ ತಾವಾಗಿಯೇ ಮುಂದೆ ಹೋಗಿ, ಡ್ರೈವರಿನಿಂದ ಕಾಯಿಯ ಸಮೇತ ತಟ್ಟೆ ತೆಗೆದುಕೊಂಡು, ಬೆರಳನ್ನು ಕುಂಕುಮದಲ್ಲಿ ಅದ್ದಿದರು. ಆಮೇಲೆ ಬಾನೆಟ್ಟಿನ ಕಡೆ ಹೋಗದೆ ನನ್ನ ಕಡೆ ತಿರುಗಿದರು.

"ಈಗ ಹಚ್ಚಬಹುದೇನವಾ?"

ಭಾವ ತಲೆ ಎತ್ತಿ ನನ್ನನ್ನು ನೋಡಿದ. ಪೂಜೆಯಾಗದ ಗಾಡಿಯನ್ನು ಅಮಾವಾಸ್ಯೆಯ ದಿನ ರಸ್ತೆಗೆ ಇಳಿಸುವವನಲ್ಲ ಅವನು. ಅವನ ಕಣ್ಣಲ್ಲಿ ಹೆದರಿಕೆ ಇತ್ತು. ನನ್ನ ಒಂದು ಮಾತಿಗಾಗಿ ಕಾದಿದ್ದ.

ಕ್ಲಿಯರ್ ಒಣಗಿತ್ತು. ಕಲ್ಲಿನಷ್ಟು ಗಟ್ಟಿಯಾಗಿತ್ತು. ಬೆಳಿಗ್ಗೆಯೇ ಉಗುರು ಒತ್ತಿ ನೋಡಿದ್ದೆ.

"ಇಲ್ರಿ ಅತ್ತಿ" ಅಂದೆ. "ಇನ್ನೂ ಹಸೀ ಐತಿ. ಬರೂ ಅಮಾಸಿತನಕ ತಡೀಲಿ."

ಅತ್ತೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ನಾನು ಸುಳ್ಳು ಹೇಳುವಾಗ ಹೇಗೆ ಕಾಣುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತು. ಬೆರಳಿನಲ್ಲಿ ಕುಂಕುಮವನ್ನು ಹಾಗೆಯೇ ಹಿಡಿದುಕೊಂಡು, ಮಗನನ್ನು ದಾಟಿ, ಅವನ ಗಾಡಿಯನ್ನು ದಾಟಿ ಶೆಡ್ಡಿನ ಒಳಗೆ ನಡೆದು, ಅದನ್ನು ನಮ್ಮ ಕಂಪ್ರೆಸರಿಗೆ ಹಚ್ಚಿದರು. ಕಾಯಿಯನ್ನೂ ಅದರ ಮುಂದೆಯೇ ಒಡೆದರು.